ಬೋಗ್ನಾಳ ಗೇಣುದ್ದದ ಆಲ

ದೂರದ ಚಳಿನಾಡಿನ ತೊರುನ್ ಊರಿನ ಹಳೆಯ ಐದಂತಸ್ತಿನ ಕಟ್ಟಡವೊಂದರಲ್ಲಿ ಯಾರ ಮನೆಯ ಗಿಡ ಸೊರಗಿದರೂ ಅದು ಮೊದಲು ಹೋಗುತ್ತಿದ್ದದ್ದು ಮೂರನೇ ಮಹಡಿಯ ಇರ್ಮಿನಾಳ ಮನೆಗೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಆಲೂಗಡ್ಡೆ ಸುಲಿದು, ಬೀಟ್‌ರೂಟ್ ಸಾರು ಕುದಿಸಿ ನಿವೃತ್ತಳಾದ ಹೆಂಗಸು. ಅವಳಿಗೆ ಕೈಗುಣ ಇದೆ ಎನ್ನುವುದು ಕಟ್ಟಡದವರ ಮಾತು. ಒಣಗಿ ಕಡ್ಡಿಯಾದ ಜೆರೇನಿಯಂ ಕೂಡ ಅವಳ ಕಿಟಕಿಕಟ್ಟೆಯಲ್ಲಿ ಹದಿನೈದು ದಿನ ಕೂತರೆ ಹಸಿರಾಗಿ ಇಳಿದು ಹೋಗುತ್ತಿತ್ತು. ಯಾರಾದರೂ ಹೊಗಳಿದರೆ ‘ಅಯ್ಯೋ, ನಂದೇನಿದೆ, ದೇವರ ದಯೆ’ ಎನ್ನುವಳು. ದೇವರ ದಯೆಯಂತೆ! ವಾರಕ್ಕೊಮ್ಮೆಯಾದರೂ ಆ ಹೊಗಳಿಕೆ ಕಿವಿಗೆ ಬೀಳದಿದ್ದರೆ ಅವಳಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಒಬ್ಬನ ಬಾಯಿಂದ ಮಾತ್ರ ಆ ಮಾತು ಬಂದಿರಲಿಲ್ಲ. ಅವನು ಅವಳ ಗಂಡ ಜೆನೊನ್. ಕಿಟಕಿಗಳಿಗೆ ಗಾಜು ಕೂಡಿಸುವ ಕೆಲಸ ಮಾಡಿ ಮನೆಯಲ್ಲಿ ಕೂತವನು. ಬಾಯಿಯಲ್ಲಿ ಮುತ್ತಿಟ್ಟುಕೊಂಡು ಹುಟ್ಟಿದ್ದಾನೇನೋ, ಬಿಟ್ಟರೆ ಬಿದ್ದೀತು ಎನ್ನುವಂತೆ ಇರುತ್ತಿದ್ದ. ಮದುವೆಯಾಗಿ ನಲವತ್ತೊಂದು ವರ್ಷಗಳಲ್ಲಿ ಅವಳ ಗಿಡಗಳ ಬಗ್ಗೆ ಅವನು ಆಡಿದ ಮಾತು ಒಂದೇ: ‘ಇದನ್ನ ಸ್ವಲ್ಪ ಆ ಕಡೆ ಸರಿಸು, ಪೇಪರ್ ಇಡಕ್ಕೆ ಜಾಗ ಇಲ್ಲ.’ ಇಡೀ ಊರು ಹೊಗಳಲಿ, ಮನೆಯವನು ಒಂದು ಸಲ ಅಂದರೆ ಸಾಕು ಎಂದು ಇರ್ಮಿನಾ ಕಾದೇ ಕಾದಳು.

ಎದುರು ಬಾಗಿಲಿನವಳು ಬೋಗ್ನಾ. ಅಂಚೆ ಕಚೇರಿಯ ಕೌಂಟರಿನಲ್ಲಿ ಜೀವಮಾನ ಕಳೆದವಳು, ಗಂಡನನ್ನು ಕಳೆದುಕೊಂಡು ಎಷ್ಟೋ ವರ್ಷವಾದವಳು. ಇವಳ ಮನೆಯ ಕೀಲಿ ಅವಳ ಹತ್ತಿರ, ಅವಳದ್ದು ಇವಳ ಹತ್ತಿರ. ಗಿಡಗಳ ವಿಷಯದಲ್ಲಿ ಮಾತ್ರ ಬೋಗ್ನಾ ಮೃತ್ಯುದೇವತೆ. ಕಳ್ಳಿಗಿಡವನ್ನೂ ಕೊಂದವಳು ಎಂದು ಕಟ್ಟಡದಲ್ಲಿ ಅವಳನ್ನು ಆಡಿಕೊಳ್ಳುತ್ತಿದ್ದರು. ಆ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವಳು ಇರ್ಮಿನಾ. ಅವಳಿಗೆ ಬೋಗ್ನಾಳ ಮೇಲೆ ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ಆ ಪ್ರೀತಿಯಲ್ಲಿ ಕಳ್ಳಿಗಿಡದ ಪಾಲೂ ಸ್ವಲ್ಪ ಇತ್ತು.

ನಿವೃತ್ತಿಯಾದ ಮೇಲೆ ಬೋಗ್ನಾ ಮುದುಕರಿಗಾಗಿ ನಡೆಸುವ ತರಗತಿಗಳಿಗೆ ಮಂಗಳವಾರ ಮಂಗಳವಾರ ಹೋಗತೊಡಗಿದಳು. ಅಲ್ಲಿ ಇಟಾಲಿಯನ್ ಭಾಷೆ, ಯೋಗ, ನೀರು ಬಣ್ಣ, ಏನೇನೋ ಹೇಳಿಕೊಡುತ್ತಾರೆ. ಇವಳಿಗೆ ಸಿಕ್ಕಿದ್ದು ಬೊನ್ಸಾಯ್. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ, ಅರ್ಧ ಬೆಲೆಯ ಚೀಟಿ ಅಂಟಿಸಿಕೊಂಡು ಬಿದ್ದಿದ್ದ ಒಂದು ಕುಬ್ಜ ಫಿಕಸ್ ಗಿಡವನ್ನು ತಂದಳು. ಬಿಸಿಲು ನಾಡಿನ ಆಲದ ಜಾತಿ. ಗೇಣುದ್ದ, ಬುಡ ಮಾತ್ರ ಹೆಬ್ಬೆರಳಿನಷ್ಟು ದಪ್ಪ. ಇರ್ಮಿನಾ ನೋಡಿ ನಕ್ಕಳು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕಿಟಕಿಯ ಕೆಳಗಿನ ಬಿಸಿನೀರಿನ ಕೊಳವೆಗಳು ಕಾಯತೊಡಗಿದರೆ ಮನೆಯ ಗಾಳಿ ಹಪ್ಪಳದಂತೆ ಒಣಗುತ್ತದೆ, ಇಂಥ ಗಿಡ ಕ್ರಿಸ್‌ಮಸ್ ಕೂಡ ಕಾಣುವುದಿಲ್ಲ ಎಂದು ಭವಿಷ್ಯ ಹೇಳಿದಳು.

ಬೋಗ್ನಾ ಅದಕ್ಕೆ ಉಪಾಯವನ್ನೂ ತರಗತಿಯಲ್ಲೇ ಕಲಿತು ಬಂದಿದ್ದಳು. ನಾಲ್ಕನೇ ಮಹಡಿಯ ಕೊರ್ನೆಲಿಯಾಳ ಮನೆಯಲ್ಲಿ ಮೀನು ಸತ್ತು ಖಾಲಿ ಬಿದ್ದಿದ್ದ ಗಾಜಿನ ತೊಟ್ಟಿಯನ್ನು ಕೇಳಿ ತಂದಳು. ತಳದಲ್ಲಿ ಬೆಣಚುಕಲ್ಲು, ಅದರ ಮೇಲೆ ಇದ್ದಿಲಪುಡಿ, ಆಮೇಲೆ ಮಣ್ಣು, ಮೇಲೆ ಕಾಡಿನಿಂದ ಆಯ್ದ ಪಾಚಿ. ಬೇರು ಕತ್ತರಿಸಿ ಗಿಡವನ್ನು ಒಂದು ಕಲ್ಲಿನ ಮೇಲೆ ಕಾಲು ಚಾಚಿ ಕೂತಂತೆ ಕೂಡಿಸಿದಳು. ಮೇಲೆ ಗಾಜಿನ ಮುಚ್ಚಳ ಬೇಕಿತ್ತು. ಜೆನೊನ್‌ನನ್ನು ಕೇಳಿದಳು.

ಅವನು ಅಳತೆ ಮಾಡಲು ಹೋದವನು ಒಂದೂವರೆ ಗಂಟೆ ಬರಲಿಲ್ಲ. ಮುಚ್ಚಳ ಕತ್ತರಿಸಿ, ಅಂಚು ಉಜ್ಜಿ, ಗಾಳಿಯಾಡಲು ಒಂದು ಮೂಲೆಯನ್ನು ಬೆರಳಿನಷ್ಟು ಸವರಿ ಕೊಟ್ಟ. ಆಮೇಲೆ ಭಾನುವಾರಗಳಲ್ಲಿ ಚಹಾದ ಲೋಟ ಹಿಡಿದುಕೊಂಡು ಎದುರು ಮನೆಗೆ ಹೋಗಿ ಆ ತೊಟ್ಟಿಯ ಮುಂದೆ ಕೂರುವುದು ರೂಢಿಯಾಯಿತು. ಒಂದು ದಿನ ಬಂದವನೇ ಚಪ್ಪಲಿ ಬದಲಾಯಿಸುತ್ತಾ ಹೇಳಿದ:

“ಬೆಳಿಗ್ಗೆ ಒಳಗೆಲ್ಲ ಮಂಜು ಕೂತಿರತ್ತೆ, ಮಧ್ಯಾಹ್ನಕ್ಕೆ ತಾನಾಗೇ ಬಿಡತ್ತೆ. ಹದಿನೈದು ದಿನಕ್ಕೆ ಎರಡು ಚಮಚ ನೀರು, ಅಷ್ಟೇ. ಒಂದು ಕಾಡೇ ಒಳಗಿದ್ದಂಗಿದೆ. ಕೈ ಒಳ್ಳೇದು ಬೋಗ್ನಾದು.”

ಇರ್ಮಿನಾ ಆಗ ಹಿಟ್ಟು ಕಲಸುತ್ತಿದ್ದಳು. ಕಲಸಿದ್ದನ್ನು ಮತ್ತೆ ಕಲಸಿದಳು. ಆ ಹಿಟ್ಟಿನಲ್ಲಿ ಮಾಡಿದ ಕಡುಬನ್ನು ಹಲ್ಲಿರುವವರು ಮಾತ್ರ ತಿನ್ನಬೇಕಾಯಿತು. ನಲವತ್ತೊಂದು ವರ್ಷ ಅವಳು ಕಾದ ಮಾತು, ಕಳ್ಳಿಯನ್ನು ಕೊಂದವಳ ಪಾಲಾಗಿತ್ತು. ಹೊಟ್ಟೆಕಿಚ್ಚು ಎನ್ನುವುದನ್ನು ಅವಳು ಬೇರೆಯವರ ಹೊಟ್ಟೆಯಲ್ಲಿ ಕಂಡಿದ್ದಳೇ ಹೊರತು ತನ್ನದರಲ್ಲಿ ಕಂಡಿರಲಿಲ್ಲ. ಈಗ ಕಂಡಿತು, ಎದೆಯುರಿಯ ಹಾಗೆ ಊಟವಾದ ಮೇಲೆ ತಪ್ಪದೆ ಬರುತ್ತಿತ್ತು.

ಎರಡು ವರ್ಷ ಕಳೆದರೂ ಆ ಗಿಡ ಸಾಯಲಿಲ್ಲ. ಸಾಯುವುದಿರಲಿ, ಬೋಗ್ನಾ ತಂತಿ ಸುತ್ತಿ ಬಗ್ಗಿಸಿದ ಎಡಗಡೆಯ ಕೊಂಬೆ ನೀರಿನ ಮೇಲೆ ಕೈ ಚಾಚಿದಂತೆ ಚಾಚಿಕೊಂಡು, ಅದೊಂದರಿಂದಲೇ ಗಿಡಕ್ಕೆ ಮರದ ಗತ್ತು ಬಂದುಬಿಟ್ಟಿತು. ಚಿಗುರು ಆರೆಲೆ ಆಗುವಷ್ಟರಲ್ಲಿ ಎರಡೆಲೆಗೆ ಚಿವುಟುತ್ತಿದ್ದಳು. ಕೊರ್ನೆಲಿಯಾ ದಿನಾ ಬಂದು ಫೋಟೋ ತೆಗೆದು ಕಂಡಕಂಡವರಿಗೆ ಕಳಿಸಿದಳು. ಮೊದಲನೆಯ ಮಹಡಿಯವರು ಹಳದಿ ತಿರುಗಿದ ನಿಂಬೆಗಿಡವನ್ನು ಹೊತ್ತುಕೊಂಡು ಬಂದು ಯಾವ ಬಾಗಿಲು ತಟ್ಟಲಿ ಎಂದು ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತರು. ಕೊನೆಗೆ ತಟ್ಟಿದ್ದು ಇರ್ಮಿನಾಳದ್ದೇ. ಆದರೆ ಅವರು ನಿಂತದ್ದನ್ನು ಅವಳು ಬಾಗಿಲ ಕಿಂಡಿಯಿಂದ ನೋಡಿಬಿಟ್ಟಿದ್ದಳು.

ಆ ಶರತ್ಕಾಲದಲ್ಲಿ ಅವಳೂ ಒಂದು ಗಿಡ ತಂದಳು. ಅರ್ಧ ಬೆಲೆಯದ್ದಲ್ಲ, ಪೂರ್ತಿ ಬೆಲೆ ಕೊಟ್ಟು. ಎಲೆಕೋಸು ಹುಳಿ ಹಾಕುವ ದೊಡ್ಡ ಗಾಜಿನ ಜಾಡಿ ತೊಳೆದಳು. ಕಲ್ಲು, ಇದ್ದಿಲು, ಮಣ್ಣು, ಪಾಚಿ, ಎಲ್ಲ ಬೋಗ್ನಾ ಮಾಡಿದ ಹಾಗೆಯೇ. ಜೆನೊನ್ ಐದು ನಿಮಿಷದಲ್ಲಿ ಮುಚ್ಚಳ ಕತ್ತರಿಸಿ ಕೊಟ್ಟು ಪೇಪರಿಗೆ ವಾಪಸ್ ಹೋದ. ಅಲ್ಲಿಗೆ ಬಿಟ್ಟಿದ್ದರೆ ಗಿಡ ಬದುಕುತ್ತಿತ್ತು. ಆದರೆ ಕೈಗುಣ ಇರುವವರಿಗೆ ಕೈ ಸುಮ್ಮನಿರುತ್ತದೆಯೇ? ಅವಳ ಗುಟ್ಟೆಂದರೆ ಯೀಸ್ಟ್ ನೀರು. ಬ್ರೆಡ್ಡಿಗೆ ಹಾಕುವ ಯೀಸ್ಟಿಗೆ ಸಕ್ಕರೆ ಸೇರಿಸಿ ಬೆಚ್ಚಗಿನ ನೀರಿನಲ್ಲಿ ಹುದುಗಿಸಿ ಟೊಮೆಟೊಗೆ, ಜೆರೇನಿಯಮ್ಮಿಗೆ, ಎಲ್ಲಕ್ಕೂ ಹಾಕುವಳು. ಅವಳ ಅಮ್ಮ ಹಾಕಿದ್ದಳು, ಅಜ್ಜಿ ಹಾಕಿದ್ದಳು. ಇದಕ್ಕೂ ಒಂದು ಲೋಟ ಸುರಿದು ಮುಚ್ಚಳ ಮುಚ್ಚಿದಳು.

ಹತ್ತು ದಿನದಲ್ಲಿ ಜಾಡಿಯೊಳಗೆ ಬಿಳೀ ಬೂಸಲು ಹತ್ತಿಯ ಹಾಗೆ ತುಂಬಿಕೊಂಡಿತು. ಜೆನೊನ್ ಮುಚ್ಚಳ ಎತ್ತಿ ಮೂಗು ಮುಚ್ಚಿಕೊಂಡ. “ಇದೇನೇ, ಸಾರಾಯಿ ಇಳಿಸ್ತಿದೀಯಾ?” ಎಂದ. ಎರಡು ವರ್ಷದಲ್ಲಿ ಅವನು ಹೊಡೆದ ಒಂದೇ ತಮಾಷೆ, ಅದೂ ಇಂಥ ಹೊತ್ತಿನಲ್ಲಿ. ಮೆಟ್ಟಿಲ ಮೇಲೆ ಎಂಥದೋ ವಾಸನೆ ಎಂದು ಕೊರ್ನೆಲಿಯಾ ಕೇಳಿದ್ದಕ್ಕೆ, ಕೋಸು ಕೆಟ್ಟುಹೋಯಿತು ಎಂದು ಹೇಳಿ ಇರ್ಮಿನಾ ಜಾಡಿಯನ್ನು ಚೀಲದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ ಬಂದಳು.

ಜನವರಿಯಲ್ಲಿ ಬೋಗ್ನಾಳಿಗೆ ಉಪ್ಪುನೀರಿನ ಆರೋಗ್ಯಧಾಮದಿಂದ ಕರೆ ಬಂತು. ಮಂಡಿನೋವಿಗೆ ಮೂರು ವಾರದ ಆರೈಕೆ. ಹೆಸರು ಕೊಟ್ಟು ವರ್ಷವಾದ ಮೇಲೆ ಬರುವ ಸರದಿ, ಚಳಿಯೋ ಮಳೆಯೋ ಅವರು ಹೇಳಿದ ದಿನವೇ ಹೋಗಬೇಕು. ಹೊರಡುವ ದಿನ ಪೆಟ್ಟಿಗೆ ಹಿಡಿದುಕೊಂಡು ಇರ್ಮಿನಾಳಿಗೆ ಹೇಳಿದಳು:

“ನೀನು ಏನೂ ಮಾಡ್ಬೇಡ ಕಣೇ. ನೀರು ಹಾಕ್ಬೇಡ, ಮುಚ್ಚಳ ತೆಗೀಬೇಡ. ಬೆಳಿಗ್ಗೆ ಗಾಜಿನ ಮೇಲೆ ಮಂಜು ಇದ್ರೆ ಅದು ಚೆನ್ನಾಗಿದೆ ಅಂತ. ಸುಮ್ನೆ ನೋಡು, ಸಾಕು.”

ಇರ್ಮಿನಾಳ ಮೈ ಉರಿಯಿತು. ಊರಿನ ಗಿಡಗಳನ್ನೆಲ್ಲ ಬದುಕಿಸಿದವಳಿಗೆ ‘ಏನೂ ಮಾಡಬೇಡ’ ಅನ್ನುವಷ್ಟು ದೊಡ್ಡವಳಾದಳಲ್ಲ ಇವಳು ಎಂದುಕೊಂಡಳು. ಬಾಯಲ್ಲಿ ಮಾತ್ರ, ಹುಷಾರಾಗಿ ಹೋಗಿ ಬಾ, ಕಾಲು ಬೆಚ್ಚಗಿಟ್ಟುಕೋ ಎಂದಳು.

ಮೊದಲ ವಾರ ನೋಡಿದಳು, ಬಂದಳು. ಎರಡನೇ ವಾರ ನೋಡುತ್ತಾ ಕೂತಳು. ಸತ್ಯ ಹೇಳಬೇಕೆಂದರೆ ಗಿಡ ಚೆಂದವಿತ್ತು. ಅದೇ ಅವಳ ಸಂಕಟ. ಅಂದಗೆಟ್ಟದ್ದಾಗಿದ್ದರೆ ಜೆನೊನ್‌ನ ಕಣ್ಣಿಗೆ ಪೊರೆ ಬಂದಿದೆ ಎಂದುಕೊಂಡು ನಿದ್ದೆ ಮಾಡಬಹುದಿತ್ತು.

ಅಲ್ಲಿಯ ಹೆಂಗಸರಲ್ಲಿ ಒಂದು ನಂಬಿಕೆಯಿದೆ. ಕೇಳಿ ಪಡೆದ ಕಡ್ಡಿ ಬೇರು ಬಿಡುವುದಿಲ್ಲ, ಕದ್ದು ತಂದದ್ದೇ ಬಿಡುವುದು. ದಂತವೈದ್ಯರ ಕೋಣೆಯಲ್ಲಿ, ಬ್ಯಾಂಕಿನಲ್ಲಿ, ಪಾದ್ರಿಗಳ ಮನೆಯಲ್ಲಿ ಕೂಡ ಒಂದು ತುದಿ ಚಿವುಟಿ ಕೈಚೀಲಕ್ಕೆ ಹಾಕಿಕೊಂಡು ಏನೂ ಆಗದವರಂತೆ ಎದ್ದು ಬರುತ್ತಾರೆ. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಇರ್ಮಿನಾಳ ಅರ್ಧ ಗಿಡಗಳು ಹಾಗೆ ಬಂದವೇ. ಆ ಗುರುವಾರ ಅವಳು ಬೋಗ್ನಾಳ ಮನೆಗೆ ಹೋಗುವಾಗ ಏಪ್ರನ್ ಜೇಬಿನಲ್ಲಿ ಕತ್ತರಿ ಇತ್ತು.

ಮೊದಲು ಕಿಟಕಿ ತೆರೆದಳು. ಚಳಿಗಾಲದಲ್ಲಿ ದಿನಕ್ಕೊಮ್ಮೆ ಮನೆಗೆ ಗಾಳಿಯಾಡಿಸದೆ ಇರುವುದು ಅವಳಿಂದ ಸಾಧ್ಯವಿಲ್ಲದ ಮಾತು. ಆಮೇಲೆ ಮುಚ್ಚಳ ಎತ್ತಿ ಪಕ್ಕಕ್ಕಿಟ್ಟಳು. ಒಂದು ಸಣ್ಣ ತುದಿ ಸಾಕಿತ್ತು, ಬೆನ್ನ ಕಡೆಯಿಂದ ತೆಗೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳ ಕೈ ಹೋದದ್ದು ಎಡಗಡೆಯ ಕೊಂಬೆಗೆ. ಎರಡು ವರ್ಷ ತಂತಿ ಸುತ್ತಿ ಬಗ್ಗಿಸಿದ, ಚಾಚಿಕೊಂಡ ಆ ಕೊಂಬೆಗೇ. ಬುಡದಲ್ಲಿ ಕತ್ತರಿಸಿದಳು. ಹಾಲು ತೊಟ್ಟು ತೊಟ್ಟಾಗಿ ಇಳಿಯಿತು. ಅದನ್ನು ನೋಡುತ್ತಾ ಅವಳಿಗೆ ಭಯವಾಗಲಿಲ್ಲ, ಹಾಯೆನಿಸಿತು. ಹಾಯೆನಿಸಿದ್ದು ತಿಳಿದ ಮೇಲೆ ಭಯವಾಯಿತು.

ಅಷ್ಟರಲ್ಲಿ ಮೆಟ್ಟಿಲಿನಿಂದ ಜೆನೊನ್ ಕೂಗಿದ. ಅವನ ಕನ್ನಡಕ ಕಾಣುತ್ತಿಲ್ಲವಂತೆ. ಕೊಂಬೆಯನ್ನು ಜೇಬಿಗೆ ತುರುಕಿಕೊಂಡು, ಎದುರು ಸಿಕ್ಕ ಅವನನ್ನು ಹಿಂದಕ್ಕೆ ತಳ್ಳಿಕೊಂಡೇ ಬಾಗಿಲಿಗೆ ಕೀಲಿ ಹಾಕಿದಳು. ಮುಚ್ಚಳ ಮುಚ್ಚಿರಲಿಲ್ಲ. ಕಿಟಕಿಯೂ ಮುಚ್ಚಿರಲಿಲ್ಲ. ಆ ದಿನ ಅದು ನೆನಪಾಗಲಿಲ್ಲ. ಮಾರನೆಯ ದಿನ ನೆನಪಾಯಿತೋ ಏನೋ, ಆ ಕೋಣೆಗೆ ಹೋಗಲು ಕಾಲು ಬರಲಿಲ್ಲ. ಹೊರಗೆ ನೀರು ಕಲ್ಲಾಗುವ ಚಳಿ. ಶನಿವಾರ ಹೋಗಿ ನೋಡಿದಾಗ ಪಾಚಿಯ ಮೇಲೆ ಎಲೆಗಳೆಲ್ಲ ಉದುರಿ ಬಿದ್ದಿದ್ದವು. ಗಾಜಿನ ಮೇಲೆ ಮಂಜಿನ ಹನಿಯೂ ಇರಲಿಲ್ಲ.

ಕದ್ದ ಕೊಂಬೆಯಾದರೂ ಬದುಕಿತೇ? ಜೇಬಿನಲ್ಲಿ ಬಾಡಿದ್ದನ್ನು ಬಟ್ಟೆ ಒಗೆಯುವ ಕೋಣೆಯಲ್ಲಿ ಗುಟ್ಟಾಗಿ ನೆಟ್ಟು, ದಿನಕ್ಕೆರಡು ಸಲ ಕಿತ್ತು ಬೇರು ಬಂತೇ ಎಂದು ನೋಡಿದಳು. ವಾರದಲ್ಲಿ ಕಪ್ಪಾಯಿತು. ಆ ನಂಬಿಕೆಯೂ ಅಷ್ಟಕ್ಕಷ್ಟೇ.

ಬೋಗ್ನಾ ಬಂದಳು. ಕೋಟು ಕೂಡ ಬಿಚ್ಚದೆ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರೂ ಏನೂ ಕೇಳುವ ಮೊದಲೇ ಇರ್ಮಿನಾ ಬಡಬಡಿಸಿದಳು. ತಾನು ಮುಟ್ಟಲಿಲ್ಲ, ನೀರು ಹಾಕಲಿಲ್ಲ, ಹೇಳಿದ ಹಾಗೆಯೇ ನೋಡಿಕೊಂಡೆ, ಎಲ್ಲಿಂದಲೋ ಚಳಿ ಹೊಡೆದಿರಬೇಕು.

“ಎಡಗಡೆ ಕೊಂಬೆ ಎಲ್ಲೇ?” ಎಂದಳು ಬೋಗ್ನಾ.

“ಒಣಗಿ ಬಿದ್ದೋಯ್ತು. ಗುಡಿಸಿ ಹಾಕ್ದೆ.”

ಬೋಗ್ನಾ ಅವಳ ಮುಖ ನೋಡಿದಳು. ಆಮೇಲೆ ಕೋಟಿನ ಗುಂಡಿ ಬಿಚ್ಚುತ್ತಾ, ತನ್ನ ಕೈಗುಣವೇ ಅಷ್ಟು, ಎರಡು ವರ್ಷ ಬದುಕಿದ್ದೇ ಹೆಚ್ಚು, ಇನ್ನು ಇದನ್ನು ನೀನೇ ಇಟ್ಟುಕೋ, ಬದುಕಿದರೆ ನಿನ್ನ ಕೈಯಲ್ಲೇ ಬದುಕಬೇಕು ಎಂದಳು. ಇರ್ಮಿನಾ ಬೇಡವೆಂದಳು, ಬೋಗ್ನಾ ಕೇಳಲಿಲ್ಲ. ವಿಷಯ ತಿಳಿದ ಕೊರ್ನೆಲಿಯಾ, ಮೊದಲೇ ಇರ್ಮಿನಾ ಅವರಿಗೆ ಕೊಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಮೇಲಿನಿಂದ ಕೆಳಗಿನವರೆಗೆ ಸಾರಿದಳು. ಜೆನೊನ್ ತೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೂಸನ್ನು ಎತ್ತಿಕೊಂಡವನಂತೆ ಈಚೆ ಬಾಗಿಲಿಗೆ ತಂದ.

ತಾನು ಬಯಸಿದ ಗಿಡ ತನ್ನ ಮನೆಗೇ ಬಂದು ಕೂತಿತ್ತು. ಇರ್ಮಿನಾ ಅದನ್ನು ಮುಟ್ಟಲಿಲ್ಲ. ಮುಚ್ಚಳ ಮುಚ್ಚಿ, ಹದಿನೈದು ದಿನಕ್ಕೆ ಎರಡು ಚಮಚ ನೀರು ಹಾಕಿ ದೂರ ಸರಿದಳು. ಜೀವನದಲ್ಲಿ ಮೊದಲ ಸಲ ಒಂದು ಗಿಡಕ್ಕೆ ಅವಳು ಏನೂ ಮಾಡಲಿಲ್ಲ. ಮಾರ್ಚಿನಲ್ಲಿ ಬರಿಯ ಕಡ್ಡಿಗಳ ಮೇಲೆ ಸೂಜಿಮೊನೆಯಷ್ಟು ಹಸಿರು ಕಂಡಿತು. ಮೇ ಬರುವಷ್ಟರಲ್ಲಿ ಎಲೆ ತುಂಬಿತು, ಎಡಗಡೆ ಒಂದನ್ನು ಬಿಟ್ಟು.

ಆಹಾ, ಆಮೇಲಿನ ಹೊಗಳಿಕೆ ಏನು ಹೇಳಬೇಕು! ಸತ್ತ ಮರವನ್ನು ಎಬ್ಬಿಸಿದವಳು ಎಂದು ಪಕ್ಕದ ಕಟ್ಟಡಗಳಿಂದಲೂ ಜನ ಕುಂಡ ಹೊತ್ತು ಬಂದರು. ಆ ಹೊಗಳಿಕೆಯೆಲ್ಲ ಅವಳಿಗೆ ನುಂಗಲಾರದ ಬಿಸಿತುಪ್ಪವಾಯಿತು. ಅದಕ್ಕಿಂತ ಕಷ್ಟವಾದದ್ದು ಬೋಗ್ನಾ. ದಿನಾ ನಾಲ್ಕು ಗಂಟೆಗೆ ತಟ್ಟೆಯಲ್ಲಿ ಏನಾದರೊಂದು ತಿಂಡಿ ಮುಚ್ಚಿಕೊಂಡು ಬರುವಳು. ಗಿಡದ ಮುಂದೆ ಕಾಫಿ ಕುಡಿಯುತ್ತಾ ಕೂರುವಳು. ಹೊಸ ಎಲೆ ಬಂದರೆ, ನೋಡೇ ಎಂಥ ಬಣ್ಣ ಎಂದು ತೋರಿಸುವಳು. ದೂರಿಲ್ಲ, ಕೊಂಕಿಲ್ಲ, ನಿಟ್ಟುಸಿರಿಲ್ಲ. ತನ್ನದಾಗಿದ್ದದ್ದು ಇನ್ನೊಬ್ಬರ ಮನೆಯಲ್ಲಿ ಬೆಳೆಯುವುದನ್ನು ಹೀಗೆ ಕಣ್ತುಂಬ ನೋಡುವ ಹೊಟ್ಟೆ ಇವಳಿಗೆ ಎಲ್ಲಿಂದ ಬಂತು ಎಂದು ಇರ್ಮಿನಾ ಒದ್ದಾಡಿದಳು. ಮೊದಲು ಗಿಡದ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಗಿಡ ತನ್ನ ಮನೆಯಲ್ಲೇ ಇತ್ತು, ಕಿಚ್ಚು ಬೋಗ್ನಾಳ ನೆಮ್ಮದಿಯ ಮೇಲೆ ತಿರುಗಿತ್ತು. ತಾನು ಮಾತ್ರ ಆ ತೊಟ್ಟಿಯನ್ನು ನೋಡಿದಾಗಲೆಲ್ಲ ನೋಡುತ್ತಿದ್ದದ್ದು ಕೊಂಬೆ ಇಲ್ಲದ ಜಾಗವನ್ನು.

ಜೂನ್‌ನಲ್ಲಿ ಜೆನೊನ್‌ನ ಹೆಸರಿನ ಹಬ್ಬ, ಅಂದರೆ ಅವನ ಹೆಸರಿನ ಸಂತನ ದಿನ. ಹುಟ್ಟುಹಬ್ಬ ಮರೆತರೂ ಅದನ್ನು ಯಾರೂ ಮರೆಯುವುದಿಲ್ಲ. ಎಣ್ಣೆಯಲ್ಲಿ ನೆನೆಸಿದ ಹೆರಿಂಗ್ ಮೀನು, ಮೊಟ್ಟೆ ಹಾಕಿದ ಪಲ್ಯ, ಗಸಗಸೆಯ ಕೇಕು, ತಣ್ಣಗಿನ ವೋಡ್ಕಾ. ಕೊರ್ನೆಲಿಯಾ, ಬೋಗ್ನಾ, ಜೆನೊನ್‌ನ ಜೊತೆ ಹಿಂದೆ ಕೆಲಸ ಮಾಡಿದವರು ನಾಲ್ಕು ಜನ. ವೋಡ್ಕಾದ ಎರಡನೇ ಸುತ್ತಿನಲ್ಲಿ ಜೆನೊನ್ ಎದ್ದು ನಿಂತ. ಅವನು ಎದ್ದು ನಿಂತದ್ದಕ್ಕೇ ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ಸಣ್ಣ ಲೋಟವನ್ನು ಗಾಜಿನ ತೊಟ್ಟಿಯ ಕಡೆ ಎತ್ತಿ ಹಿಡಿದು ಹೇಳಿದ:

“ನಂಗೆ ಮಾತಾಡಕ್ಕೆ ಬರಲ್ಲ, ನಿಮಗೆಲ್ಲ ಗೊತ್ತು. ಅದು ಸತ್ತೋಗಿತ್ತು. ನಾನೇ ಹೊತ್ಕೊಂಡು ಬಂದೆ, ಒಂದೆಲೆ ಇರ್ಲಿಲ್ಲ. ಇವಳ ಕೈ... ಇಂಥ ಕೈ ಊರಲ್ಲೇ ಇಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಬೋಗ್ನಾಳೂ ತಟ್ಟಿದಳು. ಇರ್ಮಿನಾ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂತಳು. ಅಷ್ಟು ವರ್ಷ ಕಾದ ಮಾತು ಬಂದಿತ್ತು, ಅದನ್ನು ಎತ್ತಿಕೊಳ್ಳಲು ಅವಳಿಗೆ ಮುಖವಿರಲಿಲ್ಲ. ಅತ್ತಳು. ಸಂತೋಷಕ್ಕೆ ಅಳುತ್ತಾಳೆ ಎಂದು ಕೊರ್ನೆಲಿಯಾ ಬೆನ್ನು ತಟ್ಟಿದಳು.

ಬಂದವರೆಲ್ಲ ಹೋದ ಮೇಲೆ ಹೊರಗೆ ಇನ್ನೂ ಬೆಳಕಿತ್ತು. ಜೆನೊನ್ ಸೋಫಾದಲ್ಲೇ ನಿದ್ದೆ ಹೋಗಿದ್ದ. ಬೋಗ್ನಾ ಪ್ರತಿವರ್ಷದ ಹಾಗೆ ಉಳಿದು ಪಾತ್ರೆ ತೊಳೆಯುತ್ತಿದ್ದಳು, ಇರ್ಮಿನಾ ಒರೆಸುತ್ತಿದ್ದಳು. ಒಂದೇ ಲೋಟವನ್ನು ಎಷ್ಟು ಹೊತ್ತಿನಿಂದ ಒರೆಸುತ್ತಿದ್ದಳೋ.

“ಆ ಕೊಂಬೆ ಒಣಗಿ ಬೀಳ್ಲಿಲ್ಲ ಬೋಗ್ನಾ. ನಾನು ಕತ್ತರಿಸ್ದೆ,” ಎಂದಳು. ಶುರುವಾದದ್ದು ನಿಲ್ಲಲಿಲ್ಲ. ಕಿಟಕಿ, ಮುಚ್ಚಳ, ಎರಡು ದಿನ ಹೋಗದೆ ಇದ್ದದ್ದು, ಎಲ್ಲ ಬಂತು. “ನಂಗೆ ಹೊಟ್ಟೆಕಿಚ್ಚು ಕಣೇ. ನಮ್ಮನೆಯವರು ನಿನ್ನ ಕೈ ಒಳ್ಳೇದು ಅಂದ್ರು. ನಂಗೆ ಯಾವತ್ತೂ ಅಂದಿರ್ಲಿಲ್ಲ. ನಿನ್ನ ಕೈಗುಣಕ್ಕೆ ಏನೂ ಆಗಿಲ್ಲ, ಹಾಳು ಮಾಡಿದ್ದು ನಾನು.”

ಬೋಗ್ನಾ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. ಅವಳ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ.

“ಒಣಗಿ ಬಿದ್ದ ಕೊಂಬೆಗೆ ಕತ್ತರಿ ಗುರುತು ಇರಲ್ಲ ಇರ್ಮಿನಾ. ಕೋಟು ಬಿಚ್ಚೋಕೆ ಮುಂಚೇನೇ ನೋಡ್ದೆ. ಮೂವತ್ತು ವರ್ಷ ಕೌಂಟರಲ್ಲಿ ಕೂತಿದ್ದೋಳು, ಸುಳ್ಳು ಹೇಳೋರ ಮುಖ ನಂಗೆ ಗೊತ್ತಾಗಲ್ವಾ?”

“ಗೊತ್ತಿದ್ದೂ ಯಾಕೆ ಕೊಟ್ಟೆ ನಂಗೆ?”

“ದಿನಾ ನಿನ್ನ ಕಣ್ಣಿಗೆ ಬೀಳ್ಲಿ ಅಂತ. ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ದಿನಾ ಬಂದು ಕೂತೆ. ಗಿಡ ನೋಡಕ್ಕೆ ಬರ್ತಿದ್ದೆ ಅನ್ಕೊಂಡಿದ್ಯಾ? ನಿನ್ನ ನೋಡಕ್ಕೆ ಬರ್ತಿದ್ದೆ. ನಾಲ್ಕೂವರೆ ತಿಂಗಳು ಬೇಕಾಯ್ತು ನಿಂಗೆ.”

ಹೊರ ಕೋಣೆಯಲ್ಲಿ ಜೆನೊನ್ ಮಗ್ಗುಲು ಬದಲಿಸಿದ ಸದ್ದಾಯಿತು. ಬೋಗ್ನಾ ತನ್ನ ತಟ್ಟೆಯನ್ನು ಎತ್ತಿಕೊಂಡು ಬಾಗಿಲವರೆಗೆ ಹೋಗಿ ಚಪ್ಪಲಿ ಹಾಕಿಕೊಂಡಳು. ಇರ್ಮಿನಾ ಒದ್ದೆ ಬಟ್ಟೆ ಹಿಡಿದುಕೊಂಡು ಹಿಂದೆಯೇ ಬಂದಳು. ಏನಾದರೂ ಅನ್ನಲಿ, ಬೈದರೂ ಬೈಯಲಿ ಎಂದು ಕಾದಳು.

“ನಾಳೆಯಿಂದ ನಾನು ಬರಲ್ಲ,” ಎಂದಳು ಬೋಗ್ನಾ. “ಅವನು ಎದ್ದ ಮೇಲೆ ಅವನಿಗೂ ಹೇಳು, ಇದೇ ಮಾತು. ಹೇಳಿದ ಮೇಲೆ ಗಿಡ ತಗೊಂಡು ನೀನೇ ಬಾ. ಹೇಳದೆ ಬರಬೇಡ.”

ಎದುರು ಬಾಗಿಲು ಮುಚ್ಚಿಕೊಂಡಿತು. ಇರ್ಮಿನಾ ಒಳಗೆ ಬಂದು ಸೋಫಾದ ಪಕ್ಕ ಕುರ್ಚಿ ಎಳೆದುಕೊಂಡು, ಗಂಡ ಏಳುವುದನ್ನು ಕಾಯುತ್ತಾ ಕೂತಳು.